ಅತ್ತೆಯ ಅಮಲ್ದಾರರೂ ಬಾವಿಯ ಆಮೆಯೂ

ನಮ್ಮ ಸೋದರತ್ತೆಗೆ ತಿಕ್ಕಲು. ಇದು ನನ್ನ ಮಾತಲ್ಲ, ನಮ್ಮ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿದ್ದ ಸಂಗತಿ! ಯಾರಾದರೂ ಅವರ ಹೆಸರೆತ್ತಿದರೆ ಸಾಕು, ನಮ್ಮ ತಂದೆ ತಲೆಯ ಕಡೆ ಬೆರಳು ತೋರಿಸಿ ಮಾತು ಬದಲಾಯಿಸುತ್ತಿದ್ದರು. ಬೆಂಗಳೂರಿನ ಗಿರಣಿಯೊಂದರ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ರಾಜಾಜಿನಗರದಲ್ಲಿ ಒಬ್ಬರೇ ಇದ್ದ ಅತ್ತೆಯ ಮನೆಯಲ್ಲಿ ನಾನು ಉಳಿಯುವುದೆಂದು ತೀರ್ಮಾನವಾದಾಗ ತಂದೆ ಹೇಳಿದ್ದು ಇಷ್ಟೆ: "ಅವಳ ಜೊತೆ ಏಗೋದು ಕಷ್ಟ ಕಣೋ. ಹುಷಾರು."

ಏಗುವುದು ಕಷ್ಟವೇ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅತ್ತೆ, ಬಹಳ ಕಾಲ ಗಂಡನ ಮನೆಯವರ ಹಿತ್ತಲ ಕೋಣೆಯಲ್ಲಿ ಅವರಿಗೆಲ್ಲ ಬೇಯಿಸಿ ಹಾಕಿ, ಕೊನೆಗೆ ಪಾಲಿಗೆ ಬಂದ ಗದ್ದೆ ಮಾರಿ ಈ ಮನೆ ಕಟ್ಟಿಸಿಕೊಂಡಿದ್ದರು. ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಸೆರಗು, ಮೂರು ಹೊತ್ತೂ ಮಡಿ. ಹಾಲಿನವನು ಎಮ್ಮೆ ಹೊಡೆದುಕೊಂಡು ಬಂದರೆ ಮೊದಲು ಅದರ ಯೋಗಕ್ಷೇಮ ವಿಚಾರಿಸಬೇಕು. ಎಮ್ಮೆಗೆ ನೆಗಡಿ ಎಂದು ತಮಗೆ ತೋಚಿದರೆ, "ಇವತ್ತು ಹಾಲು ಬೇಡ, ಅದು ಮಲಗ್ಲಿ" ಎಂದು ಇಬ್ಬರನ್ನೂ ಮನೆಗೆ ಕಳಿಸಿಬಿಡುವರು. ಆ ದಿನ ನನಗೆ ಕಾಫಿಯಿಲ್ಲ!

ಇದನ್ನಾದರೂ ಸಹಿಸಬಹುದು. ಅತ್ತೆ ಊರಿನವರನ್ನೆಲ್ಲ ಏಕವಚನದಲ್ಲಿ ಕರೆದು, ನಾಯಿಗೆ ಮಾತ್ರ ಬಹುವಚನ ಕೊಡುತ್ತಿದ್ದುದನ್ನು ಹೇಗೆ ಸಹಿಸುವುದು?

ಆಗಿನ ರಾಜಾಜಿನಗರವೆಂದರೆ ಅಲ್ಲೊಂದು ಮನೆ, ಇಲ್ಲೊಂದು ಮನೆ, ನಡುವೆಲ್ಲ ಸೈಟಿನ ಕಲ್ಲುಗಳು ಮತ್ತು ಕೆಂಪು ಧೂಳು. ಆ ಧೂಳಿನೊಳಗಿಂದ ಒಂದು ದಿನ ಈ ಕಂದು ನಾಯಿ ಎದ್ದು ಬಂತಂತೆ. ಮನೆಯನ್ನು ಒಂದು ಸುತ್ತು ಹಾಕಿ, ಬಾವಿ ಇಣುಕಿ ನೋಡಿ, ಅತ್ತೆ ಹಾಕಿದ್ದನ್ನು ಉಂಡು, ಜಗಲಿಯ ಮೇಲೆ ಕುಳಿತು, ಮಾರ್ಕೆಟ್ಟಿಗೆ ಹೋಗಿ ಬಂದ ಅತ್ತೆಯ ಮೇಲೆಯೇ ಬೊಗಳಿತಂತೆ!

"ಒಂದು ಕೆಲ್ಸ ಮಾಡ್ದೆ ಎಲ್ಲಾರ ಮೇಲೂ ಜಬರ್ದಸ್ತು ನಡೆಸೋರು ಅಮಲ್ದಾರ್ರಲ್ದೆ ಇನ್ಯಾರೋ?" ಎಂದರು ಅತ್ತೆ. ಅಂದಿನಿಂದ ಅದರ ಹೆಸರು ಅಮಲ್ದಾರ. ಹುದ್ದೆಗೆ ತಕ್ಕ ಮರ್ಯಾದೆ ಬೇಡವೆ? "ಅಮಲ್ದಾರ್ರೇ, ಏಳಿ, ಊಟ ಆರ್ತಾ ಇದೆ" ಎಂದು ಕರೆಯುವರು.

ನಾನು ಒಮ್ಮೆ ಕೇಳಿಯೇಬಿಟ್ಟೆ: "ಅತ್ತೆ, ನಾನು ಬಿ.ಎ. ಪಾಸು ಮಾಡಿದೀನಿ. ನಂಗೆ ನೀನು ಅಂತೀರ, ನಾಯಿಗೆ ನೀವು ಅಂತೀರಲ್ಲ!"

"ಅವರು ನನ್ನ ಮನೆ ಕಾಯ್ತಾರೆ. ನೀನು ಬರ್ತೀಯ, ಉಣ್ತೀಯ, ಹೋಗ್ತೀಯ."

ನನ್ನ ಬಿ.ಎ. ಅಲ್ಲಿಗೆ ಮುಗಿಯಿತು.

ಮರ್ಯಾದೆ ಎಷ್ಟೇ ಇರಲಿ, ಅಮಲ್ದಾರರು ಹೊಸ್ತಿಲು ದಾಟುವಂತಿರಲಿಲ್ಲ. ಅತ್ತೆಯ ಮಡಿ ಅಂಥದು. ನಾಯಿಗೂ ಅದು ತಿಳಿದಿತ್ತು. ಹೊಸ್ತಿಲ ಹೊರಗೆ ಮೂತಿಯಿಟ್ಟು ಮಲಗುತ್ತಿತ್ತೇ ಹೊರತು ಒಂದು ಉಗುರನ್ನೂ ಒಳಗೆ ಇಡುತ್ತಿರಲಿಲ್ಲ.

ಇನ್ನು ಆಮೆ. ಹೊಸದಾಗಿ ಬಾವಿ ತೋಡಿಸಿದವರು ಅದಕ್ಕೊಂದು ಆಮೆ ಬಿಡುವುದು ನಮ್ಮ ಕಡೆಯ ವಾಡಿಕೆ. ಹುಳಹುಪ್ಪಟೆ ತಿಂದು ನೀರನ್ನು ಚೊಕ್ಕಟವಾಗಿಡುತ್ತದೆ. ಕೆಂಗೇರಿ ಕಡೆಯ ರೈತನೊಬ್ಬ ತಂದುಕೊಟ್ಟ ಅಂಗೈಯಗಲದ ಆಮೆಯನ್ನು ಅತ್ತೆಯೂ ಬಾವಿಗೆ ಬಿಟ್ಟು ಮರೆತಿದ್ದರು. ಆಮೆ ಬಾವಿಯಲ್ಲಿದ್ದರೆ ಶುಭ, ಮನೆಯೊಳಗೆ ಬಂದರೆ ಮನೆ ಹಾಳು. ಇದು ಎಲ್ಲರೂ ನಂಬಿದ್ದ ಮಾತು, ಅತ್ತೆಯೂ ನಂಬಿದ್ದರು.

ಒಂದು ಬೆಳಿಗ್ಗೆ ನಾನು ನೀರು ಸೇದಿದಾಗ ಬಿಂದಿಗೆಯ ಬದಲು ಕಟ್ಟಿದ್ದ ಬಕೆಟ್ಟಿನೊಳಗೆ ಆಮೆಯೂ ಬಂತು. ಗಾಬರಿಯಲ್ಲಿ ಬಕೆಟ್ಟನ್ನು ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದೆ. ಅಮಲ್ದಾರರು ತನಿಖೆಗೆ ಓಡಿ ಬಂದರು. ಮೂಸಿದರು. ಚಿಪ್ಪಿನೊಳಗಿದ್ದ ತಲೆ ಮೆಲ್ಲಗೆ ಹೊರಗೆ ಬಂದು ನಾಯಿಯ ಮೂಗಿನ ತುದಿಗೆ ತಗಲಿತು. ಬೊಗಳುತ್ತದೆ, ಕಚ್ಚುತ್ತದೆ ಎಂದು ನಾನು ಕೋಲು ಹುಡುಕುತ್ತಿದ್ದರೆ, ನಾಯಿ ಅಲ್ಲೇ ಕಾಲು ಚಾಚಿ ಆಮೆಯ ಪಕ್ಕದಲ್ಲಿ ಮಲಗಿಬಿಟ್ಟಿತು!

ಅಂದಿನಿಂದ ಅದಕ್ಕೆ ಬಾವಿಕಟ್ಟೆಯೇ ಕಚೇರಿ. ಮುಂಗಾಲನ್ನು ಕಟ್ಟೆಯ ಮೇಲಿಟ್ಟು ಬಗ್ಗಿ ನೋಡುತ್ತ ಕುಂಯ್‌ಗುಟ್ಟುವುದು. ಕೆಳಗೆ ಕಪ್ಪು ನೀರಿನಲ್ಲಿ ಆಮೆ ಮೇಲೆ ಬಂದು ಕತ್ತೆತ್ತುವುದು. ನಾಯಿಯ ಗೋಳು ತಡೆಯಲಾರದೆ ದಿನಾ ಮಧ್ಯಾಹ್ನ ಅತ್ತೆ ಬಕೆಟ್ಟು ಬಿಟ್ಟು ಆಮೆಯನ್ನು ಮೇಲೆತ್ತತೊಡಗಿದರು. ತನ್ನ ತಟ್ಟೆಯ ಹತ್ತಿರ ಕಾಗೆ ಸುಳಿದರೂ ಉರಿದುಬೀಳುತ್ತಿದ್ದ ನಾಯಿ, ಅರ್ಧ ಅನ್ನ ತಿಂದು ಹಿಂದೆ ಸರಿದು ನಿಲ್ಲುತ್ತಿತ್ತು. ಆಮೆ ತೆವಳಿಕೊಂಡು ಬಂದು ಉಳಿದರ್ಧ ಮುಗಿಸುವವರೆಗೂ ಕಾಯುತ್ತಿತ್ತು. ಅತ್ತೆಗೆ ಹೊಟ್ಟೆಕಿಚ್ಚು. "ಇಷ್ಟು ವರ್ಷ ಅನ್ನ ಹಾಕಿದೋಳು ನಾನು, ಇವರು ಬಾಲ ಅಲ್ಲಾಡ್ಸೋದು ಆ ಕಲ್ಲುಗುಂಡಿಗೆ!" ಎಂದು ನನ್ನ ಹತ್ತಿರ ದೂರು. ಆದರೆ ತಟ್ಟೆಗೆ ಬೀಳುವ ಅನ್ನ ಮಾತ್ರ ಹೆಚ್ಚಾಗಿತ್ತು.

ಆ ವರ್ಷ ಬೇಸಿಗೆಯಲ್ಲಿ ಬಾವಿ ಬತ್ತಿತು. ಇನ್ನಷ್ಟು ಆಳ ತೋಡಲು ಬಂಡೆಗೆ ಸಿಡಿಮದ್ದು ಇಡಬೇಕು. ಹಿತ್ತಲೆಲ್ಲ ಕಲ್ಲು ಹಾರುತ್ತದೆ, ಕೆಲಸ ಮುಗಿಯುವವರೆಗೂ ಅಲ್ಲಿ ಜೀವವಿರುವ ಯಾವುದನ್ನೂ ಬಿಡಬೇಡಿ ಎಂದ ಮೇಸ್ತ್ರಿ. ನಾಯಿಯೇನೋ ಮುಂದಿನ ಜಗಲಿಯಲ್ಲಿರುತ್ತದೆ. ಆಮೆ? ಜಗಲಿಯಲ್ಲಿ ಬಿಟ್ಟರೆ ಎಲ್ಲಿಗೋ ತೆವಳಿಕೊಂಡು ಹೋಗುತ್ತದೆ. ಉಳಿದದ್ದು ಮನೆಯ ಒಳಗು.

"ಒಳಗೆ ಬರೋ ಹಾಗಿಲ್ಲ" ಎಂದರು ಅತ್ತೆ, ನನ್ನ ಮುಖ ನೋಡದೆ. "ಮಾಗಡಿ ರಸ್ತೆ ಕೆರೇಲಿ ಇನ್ನೂ ನೀರಿದೆ. ಬಿಟ್ಟು ಬಾ."

ಬಕೆಟ್ಟನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿ ಹೊರಟೆ. ಹಿಂದೆ ನಾಯಿ ಓಡಿ ಬಂತು. ಕೆರೆಯ ಅಂಚಿನಲ್ಲಿ ಬಿಟ್ಟೊಡನೆ ಆಮೆ ನೀರಿಗಿಳಿದು ಮಾಯವಾಯಿತು. ನಾಯಿ ದಡದಲ್ಲಿ ಕುಳಿತು ನೀರನ್ನು ನೋಡತೊಡಗಿತು. ಕರೆದೆ, ಗದರಿದೆ, ನಾನೂ ಬಹುವಚನ ಹಾಕಿ ಬೇಡಿಕೊಂಡೆ. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ನಾನೊಬ್ಬನೇ ಹಿಂದಿರುಗಿದೆ.

"ಅಮಲ್ದಾರ್ರು ಎಲ್ಲೋ?" ಎಂದು ಅತ್ತೆ ಕೇಳಿದಾಗ ಕೆರೆಯ ಕಡೆ ಕೈ ತೋರಿಸಿದೆ.

ಹಸಿವಾದರೆ ತಾನೇ ಬರುತ್ತದೆ ಎಂದುಕೊಂಡೆವು. ಬರಲಿಲ್ಲ. ಜಗಲಿಯ ತಟ್ಟೆಯಲ್ಲಿ ಅನ್ನ ಒಣಗಿತು. ಅತ್ತೆ ಅಡುಗೆ ಮಾಡಿ ನನಗೆ ಬಡಿಸಿ ತಾವು ಉಣ್ಣದೆ ಏಳತೊಡಗಿದರು. ಹಾಲಿನವನು ಬಂದರೂ ಎಮ್ಮೆಯನ್ನು ವಿಚಾರಿಸಲಿಲ್ಲ. ಅವನೇ ಹೆದರಿ, "ಅಮ್ಮೋರಿಗೆ ಉಸಾರಿಲ್ವಾ ಸಾಮಿ?" ಎಂದು ನನ್ನನ್ನು ಕೇಳಿದ.

ಭಾನುವಾರ ಬೆಳಿಗ್ಗೆ ಅತ್ತೆ ತಟ್ಟೆಯಲ್ಲಿ ಮೊಸರನ್ನ ಕಲಸಿಕೊಂಡು ಹೊರಗೆ ಬಂದರು. "ಸೈಕಲ್ ತೆಗಿ."

"ನೀವು ಸೈಕಲ್ ಮೇಲಾ? ಜಟಕಾ ಕರೀತೀನಿ ಇರಿ ಅತ್ತೆ. ಜನ ನೋಡಿದ್ರೆ ಏನಂತಾರೆ?"

"ಅನ್ನೋದನ್ನೆಲ್ಲ ಆಗ್ಲೇ ಅಂದಾಗಿದೆ. ನಡಿ."

ಕ್ಯಾರಿಯರಿನ ಮೇಲೆ ಕೆಂಪು ಸೀರೆಯ ಅತ್ತೆ, ಕೈಯಲ್ಲಿ ತಟ್ಟೆ! ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನನಗೆ ನಗು ಬರಲಿಲ್ಲ.

ನಾಯಿ ಅದೇ ಜಾಗದಲ್ಲಿತ್ತು. ಪಕ್ಕೆಲುಬುಗಳು ಕಾಣುತ್ತಿದ್ದವು. ಅತ್ತೆ ತಟ್ಟೆಯನ್ನು ಅದರ ಮುಂದಿಟ್ಟರು. ಅಷ್ಟು ಹಸಿದ ನಾಯಿ ಗಬಗಬನೆ ಅರ್ಧ ತಿಂದು, ಹಿಂದೆ ಸರಿದು ನಿಂತಿತು. ನೋಡುತ್ತಿದ್ದಂತೆ ಜೊಂಡಿನ ನಡುವೆ ನೀರು ಅಲುಗಿತು. ಆಮೆ ದಡ ಹತ್ತಿ ತಟ್ಟೆಯ ಹತ್ತಿರ ಬಂತು.

ಅತ್ತೆ ಬಗ್ಗಿ, ಕೆಸರು ಸುರಿಯುತ್ತಿದ್ದ ಆಮೆಯನ್ನು ಮಡಿಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಎದೆಗೊತ್ತಿ ಹಿಡಿದರು. ನಾಯಿ ಅವರ ಮೇಲೆ ಹಾರಿ ಕೈ ನೆಕ್ಕಿತು. ಅವರು ಬೇಡವೆನ್ನಲಿಲ್ಲ.

ಮನೆಗೆ ಬಂದು ಇಳಿದವರು ಆಮೆಯೊಂದಿಗೆ ನೇರವಾಗಿ ಬಾಗಿಲ ಕಡೆಗೇ ನಡೆದರು. ರಂಗೋಲಿ ಹಾಕುತ್ತಿದ್ದ ಎದುರು ಮನೆಯ ಮೇಷ್ಟ್ರ ಹೆಂಡತಿ ಗಾಬರಿಯಿಂದ ಓಡಿ ಬಂದರು. "ಅಮ್ಮಾ, ಆಮೇನ ಒಳಗೆ ತಗೊಂಡು ಹೋಗ್ತೀರಾ? ಮನೆ ಹಾಳಾಗುತ್ತೆ ಅಂತಾರಲ್ಲಮ್ಮಾ!"

ಅತ್ತೆ ಹೊಸ್ತಿಲ ಮೇಲೆ ನಿಂತರು. ಅವರ ದನಿ ಎಂದಿನಂತೆ ಜೋರಾಗಿರಲಿಲ್ಲ.

"ನನ್ನೂ ಹಾಗೇ ಅಂದ್ರು ಕಣಮ್ಮಾ. ನಂಗಿನ್ನೂ ಹದಿನೇಳು ತುಂಬಿರ್ಲಿಲ್ಲ, ಅವರು ಹೋಗ್ಬಿಟ್ರು. ಟ್ರಂಕು ತಗೊಂಡು ಅಣ್ಣನ ಮನೆ ಬಾಗ್ಲಲ್ಲಿ ನಿಂತಿದ್ದೆ. ಮಕ್ಳುಮರಿ ಇರೋ ಮನೆ, ನೀನು ಕಾಲಿಟ್ರೆ ಹಾಳಾಗುತ್ತೆ ಅಂತ ಬಾಗ್ಲು ಹಾಕ್ಕೊಂಡ್ರು. ಈಗ ನನ್ ಬಾಗ್ಲಿಗೆ ಬಂದಿರೋದಕ್ಕೆ ನಾನೂ ಹಂಗೇ ಹೇಳ್ಲಾ?"

ಅತ್ತೆಗೆ ಇದ್ದವರು ಒಬ್ಬರೇ ಅಣ್ಣ. ನಮ್ಮ ತಂದೆ.

ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದೆ ಸರಿದರು. ಅತ್ತೆ ಒಳಗೆ ಹೋಗಿ ಆಮೆಯನ್ನು ನಡುಮನೆಯಲ್ಲಿ, ದೇವರ ದೀಪ ಕಾಣುವ ಕಡೆ ಇಳಿಸಿದರು. ನಾಯಿ ಮಾತ್ರ ಹೊಸ್ತಿಲ ಹೊರಗೇ ನಿಂತು ಬಾಲ ಅಲ್ಲಾಡಿಸುತ್ತ ಅವರ ಮುಖವನ್ನೇ ನೋಡುತ್ತಿತ್ತು.

ಅತ್ತೆ ತಿರುಗಿ ನೋಡಿದರು.

"ಅಲ್ಯಾಕೆ ನಿಂತ್ರಿ ಅಮಲ್ದಾರ್ರೇ? ನಿಮ್ಮನೇನೇ ಇದು. ಒಳಗೆ ಬನ್ನಿ."