ಟವೆಲ್ ಬೀಸುವ ತನಕ ಉಸಿರು

ನಮ್ಮ ಸೋದರಮಾವನಿಗೆ ದೇವರು ಕೊಟ್ಟ ವಿದ್ಯೆ ಒಂದೇ, ಕಾಲುವೆ. ಜಗತ್ತಿನಲ್ಲಿ ಕಾಲುವೆಯಲ್ಲದ್ದೂ ಏನಾದರೂ ಇದೆ ಎಂದು ಅವನಿಗೆ ಇದುವರೆಗೆ ಯಾರೂ ಸಾಬೀತು ಮಾಡಿ ತೋರಿಸಿಲ್ಲ.

ಶಹಾಪುರದ ಕಡೆ ಕಾಲುವೆಗೆ ನೀರು ಬಂದ ಹೊಸದರಲ್ಲಿ ಅವನು ಲಷ್ಕರ್ ಆದ. ಲಷ್ಕರ್ ಎಂದರೆ ಗೇಟಿನ ಚಕ್ರ ತಿರುವಿ ನೀರು ಬಿಡುವವನು, ನಿಲ್ಲಿಸುವವನು, ಅಷ್ಟೇ. ಆದರೆ ಮಾವನ ಗತ್ತು ಪಲ್ಟನ್ನಿನದು! ಒಮ್ಮೆ ಗೇಟು ಎತ್ತಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವ ತನಕ ಇಳಿಸುತ್ತಿರಲಿಲ್ಲ. ನೀರು ಮುಟ್ಟಿದ ರೈತ ಟವೆಲ್ ಬೀಸಬೇಕು. ಅದನ್ನು ನೋಡಿ ದಂಡೆಯುದ್ದಕ್ಕೂ ಒಬ್ಬರಾದ ಮೇಲೆ ಒಬ್ಬರು ಬೀಸಬೇಕು. ಅಷ್ಟಾದರೂ ಇವನಿಗೆ ನಂಬಿಕೆಯಿಲ್ಲ. ಸೈಕಲ್ ಹತ್ತಿ ಹೋಗಿ, ಕಟ್ಟಕಡೆಯ ಹೊಲದಲ್ಲಿ ಕೈ ಅದ್ದಿ ನೋಡಿ ಬರುತ್ತಿದ್ದ.

ನನ್ನ ಮದುವೆಯ ಊಟದಲ್ಲಿ ಹೋಳಿಗೆ ಬುಟ್ಟಿ ಹಿಡಿದವರನ್ನು ತಡೆದು, ಪಂಕ್ತಿಯ ಕೊನೆಯಿಂದ ಬಡಿಸಲು ಹಚ್ಚಿದ. "ಮ್ಯಾಲಿನ ಮಂದಿಗೆ ಹ್ಯಾಂಗಿದ್ರೂ ಸಿಗತದ, ಮೊದಲ ಕೆಳಗಿನವ್ರಿಗೆ ಹಾಕ್ರಿ!" ಮೇಲೆ ಕೂತಿದ್ದವರು ಬೀಗರು. ಅವರ ಎಲೆಗೆ ಹೋಳಿಗೆ ಮುಟ್ಟುವಷ್ಟರಲ್ಲಿ ಅವರು ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆಯಲು ಎದ್ದಿದ್ದರು. ನಮ್ಮ ಯಜಮಾನರ ಅವ್ವ ಇದನ್ನು ಇಂದಿಗೂ ಮರೆತಿಲ್ಲ.

ಇಂಥವನು ನನ್ನ ಆಪರೇಷನ್ನಿಗೆ ಬಂದ. ನಾನು ಸುರಪುರದಲ್ಲಿ ಶಾಲೆಯ ಟೀಚರು. ಪಿತ್ತಕೋಶದಲ್ಲಿ ಕಲ್ಲಾಗಿ, ಯಾದಗಿರಿಯ ಒಂದು ದವಾಖಾನೆಯಲ್ಲಿ ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದೆ. ಯಜಮಾನರು ಮಕ್ಕಳನ್ನು ನೋಡಿಕೊಳ್ಳಲು ಊರಲ್ಲೇ ಉಳಿದಿದ್ದರು. ಅವ್ವ ನಾನು ಚಿಕ್ಕವಳಿದ್ದಾಗಲೇ ಹೋದವಳು. ಹಾಗಾಗಿ ತವರು ಎಂದರೆ ನನಗೆ ಈ ಮಾವನೊಬ್ಬನೇ. ಬಂದವನು ಮೊದಲು ಸಲೈನಿನ ಬಾಟಲಿ ನೋಡಿದ. ಅದರ ನಳಿಗೆಯ ಪುಟ್ಟ ಚಕ್ರ ತಿರುವಿದರೆ ಹನಿ ಹೆಚ್ಚು ಕಡಿಮೆ ಆಗುವುದನ್ನು ಕಂಡು ಅವನ ಮುಖ ಅರಳಿತು. ನರ್ಸಮ್ಮ ಅವನ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಬೇಕಾಯಿತು.

ಮರುದಿನ ಬೆಳಿಗ್ಗೆ ಮೈ ಬಿಸಿಯಾಯಿತು. ಹೊಲಿಗೆ ನೋಯುತ್ತದೆಂದು ನಾನು ಉಸಿರನ್ನು ಗಂಟಲಲ್ಲೇ ಆಡಿಸುತ್ತಿದ್ದೆ. ಕೆಮ್ಮು ಬಂದರೆ ನುಂಗುತ್ತಿದ್ದೆ. ನರ್ಸಮ್ಮ ಗದರಿದರು. "ಹಿಂಗ ಮಾಡಿದ್ರ ಎದಿಯೊಳಗ ಕಫ ಕಟ್ಟತದ್ರಿ ಟೀಚರ್, ಆಮ್ಯಾಲ ಜೀವಕ್ಕೇ ಬರತದ. ದಿಂಬು ಹೊಟ್ಟಿಗೆ ಅವಚಿ ಹಿಡೀರಿ. ನಾಕು ಎಣಿಸೂತನ ಉಸಿರು ತಗೋರಿ, ಎರಡು ಎಣಿಸೂತನ ಹಿಡೀರಿ, ಆರು ಎಣಿಸೂತನ ಸಾವಕಾಶ ಬಿಡ್ರಿ. ಮನಸು ಉಸಿರಿನ ಮ್ಯಾಲ ಇಟ್ರ ನೋವು ಜರಾ ಸಡಿಲಾಗತದ."

ನಾನು ಗಣಿತದ ಟೀಚರು. ಆರರ ತನಕ ಎಣಿಸಲು ನನಗೆ ಬರುವುದಿಲ್ಲವೇ? ಆದರೆ ಆ ಕೆಲಸವನ್ನು ಮಾವ ಆಗಲೇ ವಹಿಸಿಕೊಂಡಾಗಿತ್ತು.

"ಇಷ್ಟೇನಾ? ಇದು ಗೇಟಿನ ಕೆಲಸ!" ಎಂದು ಗಾಳಿಯಲ್ಲಿ ಇಲ್ಲದ ಚಕ್ರವನ್ನು ಎರಡೂ ಕೈಯಿಂದ ತಿರುವತೊಡಗಿದ. ನಾಲ್ಕು ಸುತ್ತಿಗೆ ಉಸಿರು ಒಳಗೆ ಬಂತು. ಹಿಡಿದೆ. ಎರಡಾಯಿತು, ಐದಾಯಿತು, ಎಂಟಾಯಿತು. ಮಾವ ಇಳಿಸುವ ಲಕ್ಷಣವೇ ಇಲ್ಲ!

"ಹೊಟ್ಟಿತನ ಮುಟ್ಟಿತೇನವ್ವ?" ಎಂದ.

ನಾನು ಉತ್ತರ ಕೊಡದೆ ಅವನು ಬಿಡು ಅನ್ನುವುದಿಲ್ಲ. ಉಸಿರು ಬಿಡದೆ ನಾನು ಉತ್ತರ ಕೊಡುವುದು ಹೇಗೆ? ಕಣ್ಣು ಹೊರಬರುವಷ್ಟರಲ್ಲಿ ನರ್ಸಮ್ಮ ಓಡಿಬಂದರು. "ಏ ಕಾಕಾ, ಎರಡಕ್ಕ ಬಿಡಸ್ರಿ!"

"ಕೊನೀಗೆ ಮುಟ್ಟಲಾರದ ಹ್ಯಾಂಗ ಬಂದ್ ಮಾಡ್ಲಿ?" ಎಂದು ಮಾವ ಅವರನ್ನೇ ಕೇಳಿದ.

ಕಡೆಗೆ ಒಪ್ಪಂದವಾಯಿತು. ಎರಡು ಎಣಿಸಿದರೆ ಬಿಡಬೇಕು. ಹೊಟ್ಟೆಯ ತನಕ ಮುಟ್ಟಿದ್ದರೆ ನಾನು ಟವೆಲ್ ಬೀಸಬೇಕು. ಬೀಸದಿದ್ದರೆ ಮತ್ತೊಂದು ಪಾಳಿ. ತನ್ನ ಹೆಗಲ ಮೇಲಿನ ಕೆಂಪು ಟವೆಲನ್ನೇ ನನ್ನ ಕೈಗಿತ್ತ.

ಪಕ್ಕದ ಮಂಚದಲ್ಲಿ ಬಳಿಚಕ್ರ ಎಂಬ ಊರಿನ ಅಜ್ಜಿಯೊಬ್ಬಳಿದ್ದಳು. ಅವಳಿಗೂ ಹೊಟ್ಟೆಯದೇ ಆಪರೇಷನ್. ಇದನ್ನೆಲ್ಲ ನೋಡಿ ಬೇಸರದಿಂದ ಕೇಳಿದಳು, "ನಮ್ಮೂರಿಗೆ ಕಾಲುವೀನೇ ಬಂದಿಲ್ಲೋ ಯಪ್ಪಾ. ನಾ ಹ್ಯಾಂಗ ಉಸಿರಾಡ್ಲಿ?"

ಮಾವ ಗಂಭೀರವಾಗಿ ವಿಚಾರ ಮಾಡಿದ. "ನೀವು ಮಳಿ ಬಂದಂಗ ತಿಳಕೊಂಡು ತಗೋರಿ."

ಅಜ್ಜಿ ಮಳೆಯ ಲೆಕ್ಕದಲ್ಲೇ ಉಸಿರಾಡಿದಳು. ಬಂದಾಗ ಬಂತು, ಇಲ್ಲದಾಗ ಇಲ್ಲ. ನಾನೋ, ಎರಡನೆಯ ಪಾಳಿಗೇ ಕಳ್ಳತನ ಶುರು ಮಾಡಿದೆ. ಉಸಿರು ಎದೆಯಿಂದ ಕೆಳಗಿಳಿದರೆ ಹೊಲಿಗೆಯಲ್ಲಿ ಚುಳ್ ಎನ್ನುತ್ತಿತ್ತು. ಹೀಗಾಗಿ ಅರ್ಧಕ್ಕೇ ನಿಲ್ಲಿಸಿ ಟವೆಲ್ ಬೀಸಿಬಿಡುತ್ತಿದ್ದೆ. ಮಾವ ತಲೆಯಾಡಿಸಿ ಚಕ್ರ ಇಳಿಸುತ್ತಿದ್ದ. ಎಷ್ಟು ಸುಲಭದ ಲಷ್ಕರ್ ಎಂದು ಒಳಗೊಳಗೇ ನಕ್ಕೆ.

ಸಂಜೆಯಾದರೂ ಜ್ವರ ಇಳಿಯಲಿಲ್ಲ. ಥರ್ಮಾಮೀಟರ್ ನೋಡಿ ನರ್ಸಮ್ಮ ಡಾಕ್ಟರನ್ನು ಕರೆಯಲು ಹೋದರು. ನನಗೆ ಮೊದಲ ಸಲ ಹೆದರಿಕೆಯಾಯಿತು. ಮಾವ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, ನನ್ನ ಕೈಯಿಂದ ಟವೆಲ್ ತೆಗೆದುಕೊಂಡ.

"ಟವೆಲ್ ಬೀಸಿದವ್ರಿಗೆಲ್ಲಾ ನೀರು ಮುಟ್ಟಿರತದಂತ ನಾ ಎಂದೂ ನಂಬಿಲ್ಲವ್ವ."

ನಾನು ನಾಚಿ ಗೋಡೆಯ ಕಡೆ ನೋಡಿದೆ. ನಾನು ಅವಚಿ ಹಿಡಿದ ದಿಂಬಿನ ಮೇಲೆ ಅವನು ಅಂಗೈ ಇಟ್ಟ. ಕಾಲುವೆಯ ತುದಿಯಲ್ಲಿ ಕೈ ಅದ್ದಿದ ಹಾಗೆ, ಮೆಲ್ಲಗೆ.

"ನಿಮ್ಮವ್ವಂದೂ ಆಪರೇಷನ್ ಚಲೋನೇ ಆಗಿತ್ತು. ನೋವಿಗೆ ಅಂಜಿ ಉಸಿರು ಸಣ್ಣ ಮಾಡಿದ್ಳು. ಎದಿ ಕಟ್ಟಿತು. ಬಾಜೂಕ ಕುಂತು ಎಣಿಸಾವ್ರು ಯಾರೂ ಇರಲಿಲ್ಲ. ಆವತ್ತು ನಂದು ಗೇಟಿನ ಪಾಳಿ ಇತ್ತು." ಇನ್ನೊಂದು ಕೈಯಿಂದ ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಊರಿಗೆಲ್ಲಾ ನೀರು ಮುಟ್ಟಿಸಾಕತ್ತಿದ್ನವ್ವ, ನಾ."

ಇಷ್ಟು ವರ್ಷ ಇವನನ್ನು ನೋಡಿ ನಕ್ಕಿದ್ದೇನೆ. ಇದೊಂದು ನನಗೆ ಗೊತ್ತಿರಲಿಲ್ಲ.

"ಎಣಿಸು ಮಾವ," ಎಂದೆ.

ಅವನು ಎಣಿಸಿದ. ಒಂದು. ಎರಡು. ಹೊಲಿಗೆ ಚುಳ್ ಎಂದಿತು. ಮೂರು. ನಾನು ನಿಲ್ಲಿಸಲಿಲ್ಲ. ನಾಲ್ಕಕ್ಕೆ ದಿಂಬು ಮೇಲೆದ್ದಿತು, ಅದರ ಜೊತೆ ಅವನ ಕೈಯೂ. ಬಿಡುವಾಗ ಗಟ್ಟಿ ಕೆಮ್ಮು ಬಂತು, ಕಣ್ಣಲ್ಲಿ ನೀರೂ ಬಂತು.

"ಮುಟ್ಟಿತು," ಎಂದ ಮಾವ. ಆದರೆ ಕೈ ತೆಗೆಯಲಿಲ್ಲ.