ಜಾರುವ ಕಾರಿನ ಪ್ರಗತಿಪತ್ರ

ಯಂತ್ರದೊಡನೆ ಬರುವ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಈ ದೇಶದಲ್ಲಿ ಎಷ್ಟು ಮಂದಿ ಇದ್ದಾರೋ ನಾನರಿಯೆ, ನಾನಂತೂ ಒಬ್ಬ. ಮಿಕ್ಸರ್ ಕೊಂಡಾಗ ನಮ್ಮ ಮನೆಯಲ್ಲಿ ಮೂರು ದಿನ ಚಟ್ನಿಯಾಗಲಿಲ್ಲ. ಕಾರಣ, ಕೈಪಿಡಿಯ ಕೊನೆಯ ಅಧ್ಯಾಯ ಮುಗಿದಿರಲಿಲ್ಲ. ಕುಕ್ಕರಿನ ಕೈಪಿಡಿಯಲ್ಲಿದ್ದ ಮುದ್ರಣದೋಷಗಳನ್ನು ತಿದ್ದಿ ಕಂಪನಿಗೆ ಕಳುಹಿಸಿದ್ದೇನೆ. ಅವರಿಂದ ಇದುವರೆಗೆ ಉತ್ತರ ಬಂದಿಲ್ಲ. ಹೈದರಾಬಾದಿನ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವನು ನಾನು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದ ಮೇಲೆ ಮನೆಯಲ್ಲೇ ಕುಳಿತು ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಇಂಥವನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹೊಸ ಕಾರು ಕೊಂಡರೆ ಏನಾಗಬಹುದೋ ಅದೇ ಆಯಿತು.

ಕಾರಿನ ಕೈಪಿಡಿಯಲ್ಲಿ ಒಂದು ವಾಕ್ಯವಿತ್ತು: ಹೊಸ ಟೈರುಗಳಿಗೆ ಮೊದಮೊದಲು ಪೂರ್ಣ ಹಿಡಿತ ಇರುವುದಿಲ್ಲ, ನಿಧಾನವಾಗಿ ಚಲಾಯಿಸಿ, ನಿಮ್ಮ ವಾಹನದ ಮಿತಿಗಳನ್ನು ಅರಿತುಕೊಳ್ಳಿ. ಬೇರೆಯವರಾಗಿದ್ದರೆ ಓದಿ ಪುಟ ತಿರುಗಿಸುತ್ತಿದ್ದರು. ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಯೋಚಿಸಿದೆ. ನನ್ನ ಮಿತಿಗಳನ್ನು ನನ್ನ ಹೆಂಡತಿ ಮದುವೆಯಾದ ವಾರದಿಂದಲೇ ನನಗೆ ತಿಳಿಸುತ್ತ ಬಂದಿದ್ದಾಳೆ. ಕಾರಿನ ಮಿತಿಗಳನ್ನು ತಿಳಿಸುವವರು ಯಾರು? ನಾನೇ ಪರೀಕ್ಷೆ ಮಾಡಬೇಕು. ಇನ್ನೂರು ಪುಟದ ಒಂದು ನೋಟುಪುಸ್ತಕ ತೆಗೆದು ಗೆರೆ ಎಳೆದೆ. ವೇಗ, ಬ್ರೇಕು, ನಿಂತ ದೂರ, ಷರಾ ಎಂದು ನಾಲ್ಕು ಅಂಕಣಗಳಾದವು. ಷರಾಕ್ಕೆ ಕೆಂಪು ಶಾಯಿ.

ಆತುರಕ್ಕೆ ಕಾರಣವೂ ಇತ್ತು. ನನ್ನ ಹೆಂಡತಿ ಸುಶೀಲೆಯ ತವರು ಬೀದರ. ಅಲ್ಲಿ ಅವಳ ತಮ್ಮ ಮಲ್ಲಣ್ಣ ಹೊಸ ಮನೆ ಕಟ್ಟಿಸಿ, ಮುಂದಿನ ಭಾನುವಾರ ಗೃಹಪ್ರವೇಶ ಇಟ್ಟುಕೊಂಡಿದ್ದ. ನಾವು ನಮ್ಮ ಕಾರಿನಲ್ಲಿಯೇ ಬರುತ್ತೇವೆಂದು ಸುಶೀಲೆ ತನ್ನ ಮೂವರು ಅಕ್ಕಂದಿರಿಗೂ ಫೋನು ಮಾಡಿ ಹೇಳಿಯಾಗಿತ್ತು. ಹೇಳಿದ ಮೇಲೆ ಅವಳಿಗೇ ಅನುಮಾನ ಹುಟ್ಟಿತು. ಇಪ್ಪತ್ತು ವರ್ಷ ಸ್ಕೂಟರು ಓಡಿಸಿ, ಎರಡೇ ತಿಂಗಳು ಕಾರು ಕಲಿತವನು ನಾನು.

"ನೋಡ್ರಿ, ನಾ ಕಾರಿನಾಗ ಕೂಡ್ತೀನಿ. ಖರೆ, ಮದ್ಲು ನೀವು ನನ್ನ ಮುಂದ ಅದನ್ನ ಗೆರಿ ಮ್ಯಾಲ ನಿಂದ್ರಿಸಿ ತೋರಸ್ರಿ. ಇಲ್ಲಂದ್ರ ನಾ ಬಸ್ಸಿನಾಗ ಹೊಂಟೆ," ಎಂದಳು.

"ಒಂದೇ ವಾರದಲ್ಲಿ ಈ ವಾಹನದ ಗುಣಾವಗುಣಗಳೆಲ್ಲ ನನ್ನ ಅಂಗೈಯಲ್ಲಿರುತ್ತವೆ," ಎಂದೆ.

"ಅಂಗೈಯಾಗ ಬ್ಯಾಡ್ರಿ, ಕಾಲಾಗ ಇರ್ಲಿ. ಬ್ರೇಕ್ ಅಲ್ಲೇ ಅದ."

ಪರೀಕ್ಷೆಗೆ ಮುಂಚೆ ಪೂಜೆಯಾಗಬೇಕಷ್ಟೆ. ಆಯಿತು. ನಾಲ್ಕು ಟೈರುಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳು ಚಪ್ಪಟೆಯಾದವು; ಮುಂದೆ ತೆಂಗಿನಕಾಯಿ ಒಡೆಯಿತು. ಪೂಜೆ ಮುಗಿದಾಗ ಟೈರುಗಳ ತುಂಬ ಅರಿಸಿನ, ಕುಂಕುಮ, ನಿಂಬೆಯ ಸಿಪ್ಪೆ, ಕಾಯಿನೀರು. ಭಕ್ತಿ ಎಷ್ಟೇ ಇರಲಿ, ಕೊಳಕನ್ನು ನಾನು ಸಹಿಸಲಾರೆ. ತೊಳೆದೆ. ತೊಳೆದ ಮೇಲೆ ಟೈರು ಬೂದುಬಣ್ಣಕ್ಕೆ ತಿರುಗಿತು. ಅದನ್ನೂ ಸಹಿಸಲಾರೆ. ಕೋಠಿಯ ಪೇಟೆಗೆ ಔಷಧ ತರಲು ಹೋದಾಗ ಕೊಂಡಿದ್ದ ಟೈರು ಪಾಲಿಷಿನ ಬಾಟಲಿ ಇತ್ತು, ಹಚ್ಚಿದೆ. ಬಾಟಲಿಯ ಮೇಲಿನ ಸೂಚನೆಗಳನ್ನು ಓದಲಿಲ್ಲ. ಕೈಪಿಡಿ ಓದುವವನು ಇದನ್ನೇಕೆ ಓದಲಿಲ್ಲವೆಂದು ನೀವು ಕೇಳುವುದು ನ್ಯಾಯ. ಪಾಲಿಷ್ ಎಂಬ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಒಂದು ಬಾಟಲಿಗೆ ಏನು ಅರ್ಹತೆ ಎಂಬುದು ನನ್ನ ಅಂದಿನ ನಿಲುವಾಗಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಶಾಲೆಯಲ್ಲಿ ಪ್ರತಿ ಸೋಮವಾರ ಬೆಳಗಿನ ಪ್ರಾರ್ಥನೆಯ ನಂತರ ನಾನು ಮಕ್ಕಳ ಬೂಟುಗಳನ್ನು ಪರೀಕ್ಷಿಸುತ್ತಿದ್ದೆ. ಬೇರೆ ಮೇಷ್ಟರುಗಳು ಬೂಟಿನ ಮೂತಿ ನೋಡಿ ಮುಂದೆ ಹೋಗುತ್ತಿದ್ದರು. ನಾನು ಕಾಲೆತ್ತಿಸಿ ಅಟ್ಟೆಯನ್ನೂ ನೋಡುತ್ತಿದ್ದೆ. ಕಾಣುವ ಕಡೆ ಮಾತ್ರ ಹೊಳಪು ಕೊಟ್ಟು ಕಾಣದ ಕಡೆ ಕೊಳಕು ಉಳಿಸುವುದು ವಂಚನೆಯ ಮೊದಲ ಪಾಠವೆಂದು ನಾನು ನಂಬಿದ್ದೆ. ಆದ್ದರಿಂದ ಅಟ್ಟೆಗೂ ಪಾಲಿಷ್ ಕಡ್ಡಾಯ. ಒಮ್ಮೆ ವಾರ್ಷಿಕೋತ್ಸವದ ದಿನ, ಕೈಬರಹದ ಬಹುಮಾನ ಪಡೆಯಲು ವೇದಿಕೆ ಏರಿದ ಹುಡುಗನೊಬ್ಬ ನಯವಾದ ಹಲಗೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಜಾರಿಕೊಂಡು ಹೋಗಿ, ಬಹುಮಾನ ಕೊಡಬೇಕಾಗಿದ್ದ ಅತಿಥಿಗಳ ಕಾಲಬುಡದಲ್ಲಿ ಕುಳಿತ. ಸಭೆ ಚಪ್ಪಾಳೆ ತಟ್ಟಿತು. ಅವನ ಪ್ರಗತಿಪತ್ರದಲ್ಲಿ ನಾನು ಕೆಂಪು ಶಾಯಿಯಲ್ಲಿ "ನಡೆಯುವಾಗ ಗಮನವಿಲ್ಲ" ಎಂದು ಬರೆದೆ.

ಇಂಥ ಶಿಸ್ತಿನವನು ಟೈರಿನ ಬದಿಗಳಿಗಷ್ಟೇ ಹೊಳಪು ಕೊಟ್ಟು ಬಿಡುತ್ತಾನೆಯೇ? ನೆಲಕ್ಕೆ ತಾಗುವ ಸುತ್ತಿಗೂ ಹಚ್ಚಿದೆ. ಅದರ ಗೀರುಗಳೊಳಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ತೂರಿಸಿ ಹಚ್ಚಿದೆ. ನೆಲದ ಮೇಲೆ ಊರಿಕೊಂಡಿದ್ದ ಭಾಗ ಉಳಿದುಹೋಗಬಾರದೆಂದು ಕಾರನ್ನು ಒಂದು ಮೊಳ ಮುಂದಕ್ಕೆ ತಳ್ಳಿ ಅಲ್ಲಿಗೂ ಹಚ್ಚಿದೆ. ನಾಲ್ಕು ಟೈರುಗಳೂ ಈಗತಾನೆ ಕರಿದು ತೆಗೆದ ವಡೆಗಳಂತೆ ಮಿರಮಿರ ಮಿನುಗಿದವು.

ನಾವಿರುವುದು ಬಾಲಾನಗರದಲ್ಲಿ. ಮನೆಯಿಂದ ಎರಡು ಬೀದಿ ಆಚೆ, ಬಾಗಿಲು ಮುಚ್ಚಿದ ಒಂದು ಕಾರ್ಖಾನೆಯ ಹಿಂದೆ, ಜನರಿಲ್ಲದ ಸಿಮೆಂಟು ಗಲ್ಲಿ ಇದೆ. ಸೋಮವಾರ ಬೆಳಗ್ಗೆ ಆರೂವರೆಗೆ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಸುಶೀಲೆ ತನ್ನ ಹೊಲಿಗೆಯ ಟೇಪು ಹಿಡಿದು ಗೋಡೆಗೆ ಒತ್ತಿ ನಿಂತಳು. ಗಂಟೆಗೆ ಇಪ್ಪತ್ತೈದು ಕಿಲೋಮೀಟರು ವೇಗದಲ್ಲಿ ಬಂದು ಗೆರೆಯ ಬಳಿ ಬ್ರೇಕು ಒತ್ತಿದೆ. ಪಾದದಡಿಯಲ್ಲಿ ಪೆಡಲು ಗರಗರ ನಡುಗಿತು. ಕಾರು ಮಾತ್ರ ನಿಲ್ಲುವ ವಿಚಾರದಲ್ಲಿ ಯಾವ ಆಸಕ್ತಿಯನ್ನೂ ತೋರಲಿಲ್ಲ. ಗೆರೆಯನ್ನು ದಾಟಿ, ಸುಶೀಲೆಯನ್ನು ದಾಟಿ, ಎದುರಿನ ಕಸದ ತೊಟ್ಟಿಯನ್ನು ಪರಿಚಯ ಮಾಡಿಕೊಳ್ಳುವಷ್ಟು ಹತ್ತಿರ ಹೋಗಿ ನಿಂತಿತು.

"ಅಯ್ಯ ಶಿವನೆ! ಅರವತ್ತು ಇಂಚಿನ ಟೇಪು ಇದಕ್ಕ ಎಲ್ಲಿ ಸಾಲ್ತದ್ರೀ? ಸೀರಿ ಹಾಸಿ ಅಳೀಲೇನು?" ಎಂದಳು.

ಆದರೆ ನಾನು ಎದೆಗುಂದಲಿಲ್ಲ. ಎರಡನೆಯ ಸಲ, ಮೂರನೆಯ ಸಲ, ಹತ್ತನೆಯ ಸಲ ಎಂದು ಪರೀಕ್ಷೆ ಮುಂದುವರಿದಂತೆ ದೂರ ಕಡಿಮೆಯಾಗುತ್ತ ಬಂತು. ಹನ್ನೆರಡನೆಯ ಸಲ ಗೆರೆಯ ಆಚೆ ಒಂದೇ ಮಾರು. "ಪ್ರಗತಿ ತೃಪ್ತಿಕರ" ಎಂದು ಷರಾ ಬರೆದೆ. ಮನೆಗೆ ಬಂದು ನೋಡಿದರೆ ಟೈರುಗಳು ಧೂಳಾಗಿ ಮಂಕಾಗಿದ್ದವು. ಇಷ್ಟು ದುಡಿದ ವಾಹನವನ್ನು ಹಾಗೆ ಬಿಡಲಾದೀತೆ? ತೊಳೆದು, ಒರೆಸಿ, ಪುನಃ ಪಾಲಿಷ್ ಹಚ್ಚಿದೆ.

ಮಂಗಳವಾರ ಬೆಳಗ್ಗೆ ಕಾರು ಮತ್ತೆ ಕಸದ ತೊಟ್ಟಿಯ ಬಳಿಗೆ ಹೋಯಿತು. ಹನ್ನೆರಡು ಸಲ ಓಡಿಸಿದ ಮೇಲೆ ದಾರಿಗೆ ಬಂತು. ಮನೆಗೆ ಬಂದು ಪಾಲಿಷ್ ಹಚ್ಚಿದೆ. ಬುಧವಾರ ಮತ್ತೆ ತೊಟ್ಟಿ. ತಿರುವಿನಲ್ಲಿ ಹಿಂಭಾಗ ಬೇರೆ ಬಾಲ ಅಲ್ಲಾಡಿಸಿತು. ಕಾರ್ಖಾನೆಯ ಕಾವಲುಗಾರ ಕುರ್ಚಿಯನ್ನು ಗೇಟಿನೊಳಕ್ಕೆ ಎಳೆದುಕೊಂಡು, "ಕ್ಯಾ ಸಾಬ್, ಗಾಡಿಕು ನಚಾರೈ ಕ್ಯಾ?" ಎಂದು ಕೇಳಿದ. ಕಾರನ್ನು ಕುಣಿಸುತ್ತಿಲ್ಲ, ಪರೀಕ್ಷಿಸುತ್ತಿದ್ದೇನೆಂದು ವಿವರಿಸಿದೆ. ಅವನು ಕುರ್ಚಿಯನ್ನು ಇನ್ನಷ್ಟು ಒಳಕ್ಕೆಳೆದ.

ನಾಲ್ಕು ದಿನದ ಅಂಕಿಗಳನ್ನು ಮುಂದಿಟ್ಟುಕೊಂಡು ಕೂತಾಗ ನನಗೆ ಒಂದು ಸತ್ಯ ಹೊಳೆಯಿತು. ಈ ಕಾರು ತರಗತಿಯಲ್ಲಿ ಕಲಿಯುತ್ತದೆ, ಮನೆಗೆ ಹೋಗಿ ಮರೆಯುತ್ತದೆ. ಇಂಥ ನೂರಾರು ಮಕ್ಕಳನ್ನು ನಾನು ಕಂಡಿದ್ದೇನೆ. ಅವರಿಗೆ ಮದ್ದು ಪುನರಾವರ್ತನೆ. ಶುಕ್ರವಾರ ಪುನರಾವರ್ತನೆಯನ್ನು ದ್ವಿಗುಣಗೊಳಿಸಿದೆ. ಮನೆಯಲ್ಲಿ ಪಾಲಿಷನ್ನೂ ದ್ವಿಗುಣಗೊಳಿಸಿದೆ. ಶನಿವಾರ ಬೆಳಗಿನ ಮೊದಲ ಓಟದಲ್ಲಿ ಕಸದ ತೊಟ್ಟಿ ಉರುಳಿತು.

ಸುಶೀಲೆ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ಇದು ಕಾರಲ್ರಿ, ಮೈ ತಿಕ್ಕೋ ಸಬಕಾರ. ನಾ ನಾಳಿಗಿ ಬಸ್ಸಿನಾಗ ಹೋಗ್ತೀನಿ. ನೀವು ಬರ್ರಿ ಹಿಂದಿಂದ, ಜಾರ್ಕೋತ. ಅಕ್ಕಗೋಳು ಕೇಳಿದ್ರ ಏನ್ ಹೇಳಬೇಕು ನಾನರ?" ಕೊನೆಯ ಮಾತಿನಲ್ಲಿ ಅವಳ ದನಿ ಸಣ್ಣಗಾಯಿತು. ಅಲ್ಲಿಯವರೆಗಿನ ತಮಾಷೆ ನನಗೆ ಅಲ್ಲಿಗೆ ಮುಗಿಯಿತು. ಮೂವರು ಅಕ್ಕಂದಿರ ಮುಂದೆ ಅವಳು ಬಸ್ಸಿನಿಂದ ಒಬ್ಬಳೇ ಇಳಿಯುವ ಚಿತ್ರ ಕಣ್ಣಿಗೆ ಕಟ್ಟಿತು.

ಆಗ ನಾನು ಕಾರು ತಯಾರಿಸಿದ ಕಂಪನಿಗೆ ಒಂದು ಪತ್ರ ಬರೆದೆ. ನಾಲ್ಕು ಪುಟ. ಅಂಥ ಪತ್ರವನ್ನು ನಾನು ಹಿಂದೆ ಬರೆದಿಲ್ಲ, ಮುಂದೆ ಬರೆಯಲಾರೆ. "ಮಾನ್ಯರೇ, ತಮ್ಮ ಅಕ್ಷಮ್ಯ ಉದಾಸೀನದ ಫಲವಾಗಿ ಒಂದು ಸಂಸಾರವು ಬೀದಿಯಲ್ಲಿ ಜಾರುತ್ತಿದೆ" ಎಂದು ಆರಂಭ. "ಚಕ್ರದ ಪ್ರಾಥಮಿಕ ಧರ್ಮವನ್ನೇ ಅರಿಯದ ತಮ್ಮಂಥವರು ವಾಹನವೆಂಬ ವಸ್ತುವಿನ ಹತ್ತಿರ ಸುಳಿಯದಿರುವುದೇ ಲೋಕಕ್ಷೇಮ" ಎಂದು ಮುಕ್ತಾಯ. ಟೈರುಗಳು ದೋಷಯುಕ್ತವೆಂದು ತಜ್ಞರೊಬ್ಬರ ಮಾತನ್ನೂ ಜೊತೆಗಿಡೋಣವೆಂದು, ನಡಿಗೆಯ ವೇಗದಲ್ಲಿ ಕಾರು ನಡೆಸಿಕೊಂಡು ಮುಖ್ಯರಸ್ತೆಯ ಟೈರು ಅಂಗಡಿಗೆ ಹೋದೆ. ಸುಶೀಲೆ ಕಾರಿನ ಪಕ್ಕದಲ್ಲಿ ನಡೆದುಕೊಂಡೇ ಬಂದಳು. ಅವಳೇ ಮೊದಲು ತಲುಪಿದಳು.

ಅಂಗಡಿಯವನು ಮೂವತ್ತೈದರ ಆಸುಪಾಸಿನ ದಷ್ಟಪುಷ್ಟ ಮನುಷ್ಯ. ಬಗ್ಗಿ ಟೈರು ಸವರಿದ, ಬೆರಳು ಮೂಸಿದ. "ಸಾಬ್, ಯೇ ಕ್ಯಾ ಲಗಾಯೇ?" ಎಂದ.

ಸುಶೀಲೆ ನನ್ನತ್ತ ತಿರುಗಿ, "ಪಾಲಿಷ್ ಹಚ್ಚೀರಲ್ಲ, ಹೇಳ್ರಿ ಅವರಿಗಿ," ಎಂದಳು.

"ಅರೆ, ಕನ್ನಡದವ್ರೇನ್ರಿ? ನಾವೂ ಯಾದಗಿರಿ ಕಡೇವ್ರ್ರಿ. ಅಲ್ರೀ, ಇದು ಬಗಲಿಗೆ ಹಚ್ಚೋದ್ರಿ, ಶೋಕಿಗೆ. ರೋಡಿಗೆ ಹತ್ತೋ ಜಾಗಕ್ಕ ಯಾರರ ಎಣ್ಣಿ ಹಚ್ತಾರೇನ್ರಿ? ಇದರ ಮ್ಯಾಲ ಇಲ್ಲೀತನಕ ಜೀವಂತ ಬಂದೀರಲ್ಲ, ಅದ ಭಾಳಾತು."

ನಾನು ಡಿಕ್ಕಿಯಲ್ಲಿದ್ದ ಬಾಟಲಿಯನ್ನು ತೆಗೆದು ಮೊದಲ ಬಾರಿಗೆ ಓದಿದೆ. ನೆಲಕ್ಕೆ ತಾಗುವ ಭಾಗಕ್ಕೆ ಹಚ್ಚಕೂಡದೆಂದು ಬರೆದಿತ್ತು. ಓದು ಬಾರದವರಿಗಾಗಿ ಒಂದು ಚಿತ್ರವನ್ನೂ ಬರೆದು, ಅದರ ಮೇಲೆ ಕೆಂಪು ಕತ್ತರಿ ಗುರುತು ಹಾಕಿದ್ದರು. "ಕಾಣುವ ಭಾಗಕ್ಕೆ ಮಾತ್ರ ಹೊಳಪು ಕೊಡುವುದು ನನ್ನ ಶಿಸ್ತಿಗೆ ಒಗ್ಗದು," ಎಂದು ಮೆಲ್ಲಗೆ ಹೇಳಿಕೊಂಡೆ.

ಈ ವಾಕ್ಯ ಕೇಳಿದ್ದೇ ಆ ದಷ್ಟಪುಷ್ಟ ಮನುಷ್ಯ ಎದ್ದು ಕೈಕಟ್ಟಿ ನಿಂತ. ನನ್ನ ಮುಖವನ್ನೇ ನೋಡಿದ. "ಅಟ್ಟೆ ಸರ್!" ಎಂದು ಚೀರಿ, ಕೂಡಲೇ ನಾಲಿಗೆ ಕಚ್ಚಿಕೊಂಡ.

ಇಪ್ಪತ್ತಾರು ವರ್ಷ ಮಕ್ಕಳು ನನ್ನನ್ನು ಹಾಗೆ ಕರೆಯುತ್ತಿದ್ದರೆಂಬುದು ನನಗೆ ಅಂದು ತಿಳಿಯಿತು. ಸುಶೀಲೆಗೆ ಮಾತ್ರ ಬಹಳ ಸಂತೋಷವಾಯಿತು.

"ಸರ್, ನಾ ಶರಣಪ್ಪರಿ. ಸ್ಟೇಜ್ ಮ್ಯಾಲ ಜಾರಿದ್ನಲ್ರಿ, ಕೈಬರಹದ ಬಹುಮಾನ... ಅದೂ ಇದ ಕೇಸ್ರಿ! ಅಟ್ಟೆಗೆ ಪಾಲಿಷ್ ಹಚ್ಚಿಕೊಂಡು ಬಾ ಅಂದವ್ರೂ ನೀವ. ಬಿದ್ದ ಮ್ಯಾಲ 'ನಡೆಯುವಾಗ ಗಮನವಿಲ್ಲ' ಅಂತ ಬರದವ್ರೂ ನೀವ. ನಮ್ಮಪ್ಪ ಅದನ್ನ ಓದಿಸಿ ಕೇಳಿ, ಒಂದು ವಾರ ನನ್ನ ಮನಿ ಮುಂದ ನಡಸಿ ನಡಸಿ ನೋಡ್ಯಾನ್ರಿ, ಕಾಲಾಗ ಏನರ ಐಬು ಐತೇನಂತ."

ನಾನು ನೋಟುಪುಸ್ತಕದಿಂದ ಒಂದು ಹಾಳೆ ಹರಿದೆ. ಕೆಂಪು ಪೆನ್ನಿನಿಂದ, "ಚಿರಂಜೀವಿ ಶರಣಪ್ಪನ ನಡಿಗೆ ನಿರ್ದುಷ್ಟವಾಗಿದೆ, ಹಿಂದಿನ ಷರಾವನ್ನು ಹಿಂಪಡೆಯಲಾಗಿದೆ" ಎಂದು ಬರೆದು, ಸಹಿ ಮಾಡಿ ಕೊಟ್ಟೆ. ಅವನು ಅದನ್ನು ಎರಡು ಸಲ ಓದಿ, ಅಂಗಡಿಯ ಗೋಡೆಗೆ, ಗಾಳಿಯ ಒತ್ತಡದ ಪಟ್ಟಿಯ ಪಕ್ಕದಲ್ಲಿ ಅಂಟಿಸಿದ. ಆಮೇಲೆ ಸೋಪಿನ ಪುಡಿ, ಗಟ್ಟಿ ಬ್ರಷ್ಷು, ಬಿಸಿನೀರು ತಂದು ನನ್ನ ಆರು ದಿನದ ಶಿಸ್ತನ್ನು ಅರ್ಧ ಗಂಟೆಯಲ್ಲಿ ತೊಳೆದು ಚರಂಡಿಗೆ ಬಿಟ್ಟ.

ಅದೇ ಗಲ್ಲಿ, ಅದೇ ಗೆರೆ, ಅದೇ ವೇಗ. ಈ ಸಲ ಸುಶೀಲೆ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಬ್ರೇಕು ಒತ್ತಿದೆ. ಕಾರು ಗೆರೆಯ ಮೇಲೆ ಮೂಗಿಟ್ಟು ನಿಂತಿತು. ಅವಳ ಕೈಚೀಲ ಹಾರಿ ಕಾಲಬುಡಕ್ಕೆ ಬಿತ್ತು. ಅವಳು ಒಂದು ಕಣ್ಣು ತೆರೆದು ಗೆರೆ ನೋಡಿದಳು, ಮತ್ತೊಂದು ತೆರೆದು ನನ್ನನ್ನು ನೋಡಿದಳು. "ಪಾಸ್," ಎಂದಳು. "ಕಾರು."

ಮರುದಿನ ಬೀದರದಲ್ಲಿ ಮೂವರು ಅಕ್ಕಂದಿರೂ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ಸುಶೀಲೆ ಕಾರಿನಿಂದ ಇಳಿದ ರೀತಿಯನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ಇಳಿಯಲು ಅವಳಿಗೆ ಪೂರಾ ಎರಡು ನಿಮಿಷ ಬೇಕಾಯಿತು. ಮಲ್ಲಣ್ಣ ಕಾರನ್ನು ಒಂದು ಸುತ್ತು ಬಂದು, "ಏನ್ ಭಾವಾ, ಹೊಸಾ ಗಾಡಿ, ಟೈರ್ ಇಷ್ಟು ಮಂಕ ಅವ?" ಎಂದ. ನನ್ನ ಕೈ ತಾನಾಗಿ ಜೇಬಿನ ಕರವಸ್ತ್ರಕ್ಕೆ ಹೋಯಿತು. "ಮುಟ್ಟಿ ನೋಡ್ರಿ, ತಿರುಗಿ ಹೋಗೋದು ಬಸ್ಸಿನಾಗ," ಎಂದು ಸುಶೀಲೆ ಹಿಂದಿನಿಂದ ಹೇಳಿದಳು. ಕೈ ಹಿಂದಕ್ಕೆ ಬಂತು.

ಕಂಪನಿಗೆ ಬರೆದ ಪತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಹರಿದುಹಾಕಲು ಮನಸ್ಸು ಒಪ್ಪುತ್ತಿಲ್ಲ. ಅಷ್ಟು ಒಳ್ಳೆಯ ಗದ್ಯ. ನಿನ್ನೆ ಕರಡು ತಿದ್ದುವ ಕಣ್ಣಿನಿಂದ ಮತ್ತೊಮ್ಮೆ ಓದಿದೆ. ಮೇಲಿನ ವಿಳಾಸವನ್ನು ಹೊಡೆದು ಅಲ್ಲಿ ನನ್ನ ಹೆಸರನ್ನು ಬರೆದರೆ ಸಾಕು. ಉಳಿದ ನಾಲ್ಕು ಪುಟಗಳಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.