ಧಣಿ ಹೆಸರಿನ ಕಲ್ಲುಬೆಂಚು

"ಇದರ ಮ್ಯಾಲ ಒಬ್ಬರರೆ ಯಾಕ ಕುಂದ್ರವಲ್ರು?"

ಸಿಂಧನೂರಿನ ಅರಿವೆ ಅಂಗಡಿ ಸೂಗಪ್ಪ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಬರೀ ಕಲ್ಲುಬೆಂಚು. ಓಣಿಯ ಪಾರ್ಕಿಗೆ ಅವನೇ ಮಾಡಿಸಿಕೊಟ್ಟದ್ದು. ಕೂರುವ ಹಾಸಿನ ತುಂಬ ತೀರಿಹೋದ ತಂದೆಯ ಹೆಸರು: 'ಲಿಂಗೈಕ್ಯ ಅಮರಗುಂಡಪ್ಪನವರ ಸ್ಮರಣಾರ್ಥ'. ಜನ ಮಾತ್ರ ಪಂಕ್ತಿ ಊಟಕ್ಕೆ ಬಂದವರಂತೆ ಮಣ್ಣಿನಲ್ಲೇ ಸಾಲುಗಟ್ಟಿ ಕೂತಿದ್ದರು.

ಪುರಸಭೆಯ ಸಾಹೇಬರು ಬೆಳಿಗ್ಗೆಯೇ ಹೇಳಿ ಹೋಗಿದ್ದರು: "ಸಂಜಿಗಿ ಬರ್ತೀನಿ. ಆಗಲೂ ಖಾಲಿ ಇದ್ರ ಬೆಂಚು ಬಸ್‌ಸ್ಟ್ಯಾಂಡಿಗಿ ಒಯ್ಯತೀವಿ ನೋಡ್ರಿ."

ಅಪ್ಪನ ಹೆಸರು ಬಸ್‌ಸ್ಟ್ಯಾಂಡಿನ ಎಲೆಅಡಿಕೆ ಉಗುಳಿಗೆ ಸಿಗುವುದೇ! ಸೂಗಪ್ಪ ಅಂಗಡಿಯ ಹಳೆಯ ಹಮಾಲನನ್ನು ಹಿಡಿದ. "ಮಕ್ತುಮ್‌ಸಾಬ್, ಮ್ಯಾಲ ಕುಂದ್ರು ಬಾ."

"ಯಾ ಅಲ್ಲಾ! ಧಣ್ಯಾರ ಮುಂದ ಎಂದೂ ಕುಂತಾಂವಲ್ಲ ನಾ. ಈಗ ಅವರ ಮ್ಯಾಲ ಕುಂದ್ರಲ್ಯಾ?"

ಸೂಗಪ್ಪ ಅಂಗಡಿಯಿಂದ ಜಮಖಾನೆ ತಂದು ಹೆಸರು ಮುಚ್ಚಿದ. ಅವನ ಮನೆಯಲ್ಲೇ ದುಡಿದು ಮುಪ್ಪಾದ ಯಮನೂರಮ್ಮ ಕೆನ್ನೆ ಬಡಿದುಕೊಂಡಳು. "ಹೊಚ್ಚಿಕೊಂಡು ಮಲಗಿದ್ರ ಧಣಿ ಅಲ್ಲೇನಪಾ? ಉಸುರು ಕಟ್ಟೀತು, ತಗಿ ತಗಿ!"

ಕಡೆಗೆ ತಾನೇ ಕೂತು ತೋರಿಸಹೋದ.

"ಹೆತ್ತಪ್ಪನ ಎದಿ ಮ್ಯಾಲ ಕುಂತಾನ ನೋಡ್ರೋ!"

ಜೇನುಗೂಡಿಗೆ ಕಲ್ಲು ಬಿದ್ದಂತೆ ಪಾರ್ಕು ಗುಂಯ್‌ಗುಟ್ಟಿತು. ಸೂಗಪ್ಪ ಕಾದ ಹೆಂಚು ಮುಟ್ಟಿದವನಂತೆ ಎದ್ದ.

ದಾರಿ ತೋರಿಸಿದವನು ಬೆಂಚು ಕಡೆದಿದ್ದ ಮೌಲಾಹುಸೇನ. "ಅಪ್ಪಾರ ಕಲ್ಲು ಗೇಟಿನ್ಯಾಗ ನಿಂದ್ರಸ್ತೀನ್ರಿ. ಇಲ್ಲಿಗಿ ಬ್ಯಾರೆ ಹಾಸು ಹಾಕಿ ನಿಮ್ಮ ಹೆಸರು ಕೊರದ್ರಾತು. ನಿಮಗ ಯಾರು ಅಂಜತಾರ?"

ಕೊನೆಯ ಮಾತು ಚುಚ್ಚಿತು. ಆದರೆ ಹೊತ್ತು ಇಳಿಯುತ್ತಿತ್ತು. ಆಳು ಸಾಲದೆ ಸೂಗಪ್ಪನೇ ಕಲ್ಲಿಗೆ ಹೆಗಲು ಕೊಟ್ಟ. ತಂದೆಯ ಕಲ್ಲು ಗೇಟಿನಲ್ಲಿ ನಿಂತದ್ದೇ ತಡ, ಯಾರೋ ಅದಕ್ಕೆ ವಿಭೂತಿ ಹಚ್ಚಿಯೂ ಬಿಟ್ಟರು.

ಹೊಸ ಹಾಸಿನ ಮೇಲೆ 'ದಾನಿ ಸೂಗಪ್ಪ' ಎಂದು ಮೂಡಿತು. ಓಣಿಗೆ ಓಣಿಯೇ ನುಗ್ಗಿತು!

"ನಾ ಎತ್ತಿ ಆಡಿಸಿದ ಕೂಸು ಇದು. ಇವನ ಮ್ಯಾಲ ಕುಂದ್ರಾಕ ಏನಡ್ಡಿ?" ಎನ್ನುತ್ತ ಯಮನೂರಮ್ಮ ನಟ್ಟನಡುವೆ ಸ್ಥಾವರಲಿಂಗದಂತೆ ನೆಲೆಗೊಂಡಳು. ಮಕ್ತುಮ್‌ಸಾಬ್ ಕಾಲಮೇಲೆ ಕಾಲು ಹಾಕಿದ. ಸಾಹೇಬರು ಬಂದು, ನೋಡಿ, ತಲೆದೂಗಿ ಹೋದರು.

ಬೆಂಚು ಉಳಿಯಿತು. ಸೂಗಪ್ಪನ ಸೊಂಟ ಮಾತ್ರ ಬಿದ್ದುಹೋಗಿತ್ತು. ಕೈಮುಗಿದು ನಿಂತ. "ಯಮನೂರವ್ವಾ, ಒಂಚೂರು ಸರಿ. ನಾನೂ ಕುಂದ್ರತೀನಿ."

"ನೀ ಎಲ್ಲಾರಕಿಂತ ಮೊದಲ ಬಂದು ನಮ್ಮ ಕೆಳಗ ಮಲಗೀಯಲ್ಲಪಾ," ಎಂದು ಮುದುಕಿ ಕಲ್ಲು ತಟ್ಟಿದಳು. "ಇನ್ನೊಂದು ಜಾಗ ಯಾಕ? ಸರಿಯಂಗಿಲ್ಲ, ಹೋಗು."